ಟೆನರ್ ಅಂದರೆ ಯಾರು? ಫ್ರಿಟ್ಸ್ ವುಂಡರ್ಲಿಶ್ ಹಾಡಿದ ಹನ್ನೊಂದು ವರ್ಷ

ಹೈಡನ್ ಬರೆದ 'ಸೃಷ್ಟಿ' ಎಂಬ ಒರಟೋರಿಯೊದ (ಅಭಿನಯ ಇಲ್ಲದೆ ಬರೀ ಹಾಡಿನಲ್ಲಿ ಕಥೆ ಹೇಳುವ ಕೃತಿ) ಒಂದು ಹಳೆಯ ರೆಕಾರ್ಡಿಂಗ್ ಇದೆ. ಬರ್ಲಿನ್ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾ, ಅಂದರೆ ವಾದ್ಯವೃಂದ, ನುಡಿಸಿದ್ದು, ಕಾರಾಯಾನ್ ಎಂಬ ನಿರ್ದೇಶಕರು ನಡೆಸಿದ್ದು. ಅದರಲ್ಲಿ ಯೂರಿಯಲ್ ಎಂಬ ದೇವದೂತನ ಪಾತ್ರ ಬರುತ್ತದೆ. ಪಾತ್ರ ಒಂದೇ, ಹಾಡಿದವರು ಮಾತ್ರ ಇಬ್ಬರು. ದೊಡ್ಡ ಹಾಡುಗಳಲ್ಲಿ ಕೇಳುವ ದನಿ ಫ್ರಿಟ್ಸ್ ವುಂಡರ್ಲಿಶ್ ಅವರದು. ಅವರು ಹಾಡದೆ ಉಳಿದಿದ್ದ ಕಥನದ ಭಾಗಗಳನ್ನು ವೆರ್ನರ್ ಕ್ರೆನ್ ಎಂಬ ಇನ್ನೊಬ್ಬ ಟೆನರ್ ಹಾಡಿ ಮುಗಿಸಿದರು. ಯಾಕೆಂದರೆ 1966ರ ಸೆಪ್ಟೆಂಬರ್‌ನಲ್ಲಿ, ರೆಕಾರ್ಡಿಂಗ್ ಅರ್ಧದಲ್ಲಿರುವಾಗಲೇ, ವುಂಡರ್ಲಿಶ್ ತೀರಿಕೊಂಡರು. ಮೂವತ್ತಾರು ತುಂಬಲು ಒಂಬತ್ತೇ ದಿನ ಬಾಕಿ ಇತ್ತು.

ಅವರ ವೃತ್ತಿಜೀವನ 1955ರಿಂದ 1966, ಅಷ್ಟೇ. ಆದರೆ ಒಬ್ಬ ಟೆನರ್ ಹೇಗೆ ತಯಾರಾಗುತ್ತಾನೆ, ಹೊಟ್ಟೆಗೆ ಹೇಗೆ ದುಡಿಯುತ್ತಾನೆ, ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಮತ್ತು ಒರಟೋರಿಯೊ ಎಂಬ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಗಂಟಲಲ್ಲಿ ಹೇಗೆ ನಿಭಾಯಿಸುತ್ತಾನೆ ಅಂತ ತಿಳಿಯಬೇಕಾದರೆ ಇವರ ಕಥೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಟೆನರ್ ಅಂದರೆ ಏನು ಅಂತ ನೋಡೋಣ. ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಇದು ಸ್ವಲ್ಪ ಗೊಂದಲ ಮಾಡುತ್ತದೆ. ನಮ್ಮಲ್ಲಿ ಹಾಡುವವರು ಶ್ರುತಿಯನ್ನು ತಮ್ಮ ಕಂಠಕ್ಕೆ ಹೊಂದಿಸಿಕೊಳ್ಳುತ್ತಾರೆ. ಒಬ್ಬರಿಗೆ ಒಂದು ಮನೆ, ಇನ್ನೊಬ್ಬರಿಗೆ ಒಂದೂವರೆ ಮನೆ, ಹೆಂಗಸರಿಗೆ ಐದು, ಐದೂವರೆ. ವಯಸ್ಸಾದ ಮೇಲೆ ಅರ್ಧ ಮನೆ ಇಳಿಸಿಕೊಂಡರೂ ಯಾರೂ ಏನೂ ಅನ್ನುವುದಿಲ್ಲ, ಕೃತಿ ಅದೇ ಕೃತಿ. ಒಪೆರಾದಲ್ಲಿ ಹಾಗಿಲ್ಲ. ಮೊಜಾರ್ಟ್ ಒಂದು ಸ್ವರವನ್ನು ಇಲ್ಲಿ ಹಾಡಬೇಕು ಅಂತ ಬರೆದಿದ್ದರೆ ಅಲ್ಲೇ ಹಾಡಬೇಕು, ಐವತ್ತು ಅರವತ್ತು ವಾದ್ಯಗಳು ಅದೇ ಶ್ರುತಿಯಲ್ಲಿ ಕಾಯುತ್ತಿರುತ್ತವೆ. ಕಂಠಕ್ಕೆ ಶ್ರುತಿ ಹೊಂದುವ ಬದಲು, ಶ್ರುತಿಗೆ ಹೊಂದುವ ಕಂಠವನ್ನೇ ಹುಡುಕಬೇಕು. ಹೀಗಾಗಿ ಅಲ್ಲಿ ದನಿಗಳಿಗೇ ಹೆಸರು ಬಂತು: ಗಂಡಸರಲ್ಲಿ ತಗ್ಗಿನದು ಬಾಸ್, ನಡುವಿನದು ಬ್ಯಾರಿಟೋನ್, ಮೇಲಿನದು ಟೆನರ್.

ಎಷ್ಟು ಮೇಲೆ? ಒಂದು ಮನೆ ಶ್ರುತಿಯಲ್ಲಿ ಹಾಡುವ ಗಂಡಸಿನ ಮಧ್ಯ ಷಡ್ಜವನ್ನು ನೆನೆಸಿಕೊಳ್ಳಿ. ಅದು ಟೆನರ್ ದನಿಯ ತಳ. ಅಲ್ಲಿಂದ ತಾರ ಷಡ್ಜಕ್ಕೆ ಹೋಗಿ, ಅದನ್ನೂ ದಾಟಿ ಇನ್ನೊಂದು ಪೂರ್ತಿ ಸ್ಥಾಯಿ ಹತ್ತಿದರೆ ಸಿಗುವ ಷಡ್ಜವೇ ಎಲ್ಲರೂ ಮಾತಾಡುವ 'ಹೈ ಸಿ'. ಗಂಟಲಲ್ಲಿರುವ ಎರಡು ಪುಟ್ಟ ಮಡಿಕೆಗಳು ಆಗ ಸೆಕೆಂಡಿಗೆ ಐನೂರಕ್ಕೂ ಜಾಸ್ತಿ ಸಲ ಒಂದಕ್ಕೊಂದು ಬಡಿಯುತ್ತಿರುತ್ತವೆ. ಅದೂ ಕಳ್ಳದನಿಯಲ್ಲಿ ಅಲ್ಲ, ಎದೆ ತುಂಬಿದ ದನಿಯಲ್ಲಿ, ಮೈಕ್ ಇಲ್ಲದೆ, ಎರಡು ಸಾವಿರ ಜನರ ಕಡೆಯ ಸಾಲಿಗೂ ಕೇಳುವ ಹಾಗೆ.

ಯಾವ ಗಂಡಸಿಗೂ ಇದು ತಾನಾಗಿ ಬರುವ ದನಿ ಅಲ್ಲ. 19ನೇ ಶತಮಾನದ ಆರಂಭದವರೆಗೂ ಟೆನರ್‌ಗಳು ಮೇಲಿನ ಸ್ವರಗಳನ್ನು ಹಗುರವಾದ, ಅರ್ಧ ಕಳ್ಳದನಿಯಂಥ ನಾದದಲ್ಲೇ ಹಾಡುತ್ತಿದ್ದರು. 1837ರಲ್ಲಿ ಗಿಲ್ಬೆರ್ ದ್ಯುಪ್ರೆ ಎಂಬ ಫ್ರೆಂಚ್ ಗಾಯಕ ಪ್ಯಾರಿಸ್‌ನಲ್ಲಿ ರೊಸ್ಸೀನಿಯ 'ವಿಲಿಯಂ ಟೆಲ್' ಹಾಡುವಾಗ ಆ ಮೇಲಿನ ಸಿ ಸ್ವರವನ್ನು ತುಂಬು ದನಿಯಲ್ಲಿ ಹೊಡೆದರು. ರೊಸ್ಸೀನಿಗೆ ಅದು ಇಷ್ಟವಾಗಲಿಲ್ಲ. ಜನರಿಗೆ ಹುಚ್ಚು ಹಿಡಿಯಿತು. ಅಲ್ಲಿಯವರೆಗೆ ಪ್ಯಾರಿಸ್‌ನ ದೊಡ್ಡ ಟೆನರ್ ಆಗಿದ್ದವರು ಅಡಾಲ್ಫ್ ನೂರಿ. ಅವರು ಹೊಸ ರೀತಿ ಕಲಿಯಲು ಇಟಲಿಗೆ ಹೋದರು, ದನಿಯೂ ಮನಸ್ಸೂ ಕೆಟ್ಟವು, 1839ರಲ್ಲಿ ನೇಪಲ್ಸ್‌ನಲ್ಲಿ ಕಟ್ಟಡದ ಮೇಲಿಂದ ಹಾರಿ ಪ್ರಾಣ ಬಿಟ್ಟರು. ಆ ಎರಡು ವರ್ಷಗಳಲ್ಲಿ ಆದ ಬದಲಾವಣೆಯ ಕೆಳಗೇ ಇವತ್ತಿಗೂ ಎಲ್ಲ ಟೆನರ್‌ಗಳು ಹಾಡುತ್ತಿದ್ದಾರೆ. 1972ರಲ್ಲಿ ಪವರೊಟ್ಟಿ ನ್ಯೂಯಾರ್ಕ್‌ನಲ್ಲಿ ಒಂದೇ ಹಾಡಿನಲ್ಲಿ ಒಂಬತ್ತು ಸಲ ಆ ಸಿ ಹಾಡಿ ಮನೆಮಾತಾದದ್ದು ಅದರ ಮುಂದುವರಿದ ಭಾಗ.

ಮೈಕ್ ಇಲ್ಲದೆ ಅಷ್ಟು ವಾದ್ಯಗಳ ಮೇಲೆ ದನಿ ಹೇಗೆ ಕೇಳುತ್ತದೆ? ಜೋರಾಗಿ ಕೂಗುವುದರಿಂದ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆರ್ಕೆಸ್ಟ್ರಾದ ಶಕ್ತಿ ಜಾಸ್ತಿ ಇರುವುದು ಸುಮಾರು 500 ಹರ್ಟ್ಸ್, ಅಂದರೆ ಸೆಕೆಂಡಿಗೆ 500 ಕಂಪನ, ಅದರ ಆಸುಪಾಸಿನಲ್ಲಿ. ಅಲ್ಲಿಂದ ಮೇಲೆ ಹೋದ ಹಾಗೆ ಅದು ಇಳಿಯುತ್ತದೆ. ತರಬೇತಾದ ಗಾಯಕ ಗಂಟಲಿನ ಗೂಡನ್ನು ಇಳಿಸಿ, ಅಗಲ ಮಾಡಿ, ತನ್ನ ದನಿಯ ಒಂದಷ್ಟು ಶಕ್ತಿಯನ್ನು 3000 ಹರ್ಟ್ಸ್ ಹತ್ತಿರ ಒಟ್ಟುಗೂಡಿಸುತ್ತಾನೆ. ಅಲ್ಲಿ ವಾದ್ಯಗಳ ಗಲಾಟೆ ಕಡಿಮೆ, ನಮ್ಮ ಕಿವಿಯೋ ಅಲ್ಲೇ ತುಂಬಾ ಚುರುಕು. ಜಾತ್ರೆಯ ಗದ್ದಲದಲ್ಲಿ ಎಲ್ಲೋ ಒಂದು ಸಣ್ಣ ಗಂಟೆಯ ಸದ್ದು ತಟ್ಟನೆ ಕೇಳುತ್ತದಲ್ಲ, ಹಾಗೆ. ಟೆನರ್ ದನಿಯಲ್ಲಿ ಒಂದು ಲೋಹದ ಹೊಳಪು ಇದೆ ಅನ್ನಿಸುವುದು ಇದರಿಂದಲೇ.

ಈಗ ವುಂಡರ್ಲಿಶ್ ಹತ್ತಿರ ಬರೋಣ. ಹುಟ್ಟಿದ್ದು 26 ಸೆಪ್ಟೆಂಬರ್ 1930, ಜರ್ಮನಿಯ ಕೂಸೆಲ್ ಎಂಬ ಸಣ್ಣ ಊರಿನಲ್ಲಿ. ಅಮ್ಮ ವಯಲಿನ್ ಕಲಿಸುತ್ತಿದ್ದರು. ಅಪ್ಪ ಬ್ಯಾಂಡ್ ಮತ್ತು ಗಾಯನವೃಂದ ನಡೆಸುತ್ತಿದ್ದರು. ಹುಡುಗನಿಗೆ ಐದು ವರ್ಷ ಇದ್ದಾಗ ಅಪ್ಪ ಆತ್ಮಹತ್ಯೆ ಮಾಡಿಕೊಂಡರು. ಮನೆಯಲ್ಲಿ ಬಡತನ. ಹುಡುಗ ಅಕಾರ್ಡಿಯನ್ ಹಿಡಿದು ಮದುವೆ ಕುಣಿತಗಳಿಗೆ ನುಡಿಸಿ ದುಡಿದ. ಫ್ರೈಬುರ್ಗ್ ಸಂಗೀತ ಶಾಲೆಗೆ ಸೇರಿದಾಗ ಹಾಡಿನ ಜೊತೆ ಫ್ರೆಂಚ್ ಹಾರ್ನ್ ಕೂಡ ಕಲಿತ, ಫೀಸಿಗಾಗಿ ರಾತ್ರಿ ಡಾನ್ಸ್ ಬ್ಯಾಂಡ್‌ನಲ್ಲಿ ನುಡಿಸಿದ. ಹಾರ್ನ್ ಊದಿದ್ದು ವ್ಯರ್ಥವಾಗಲಿಲ್ಲ. ಆ ವಾದ್ಯಕ್ಕೆ ಉದ್ದನೆಯ, ಅಲುಗದ ಉಸಿರು ಬೇಕು. ವುಂಡರ್ಲಿಶ್ ಹಾಡಿದ ಒಂದು ಸಾಲನ್ನು ಕೇಳಿ, ಎಲ್ಲಿ ಉಸಿರು ತೆಗೆದುಕೊಂಡರು ಅಂತ ಹುಡುಕಿ ನೋಡಿ, ಆಗ ಗೊತ್ತಾಗುತ್ತದೆ.

1955ರಲ್ಲಿ ಸ್ಟುಟ್‌ಗಾರ್ಟ್ ಒಪೆರಾದಲ್ಲಿ ಕೆಲಸ ಸಿಕ್ಕಿತು. ಕೆಲಸ ಅಂತಲೇ ಹೇಳಬೇಕು, ಯಾಕೆಂದರೆ ಜರ್ಮನಿಯ ಪದ್ಧತಿಯೇ ಹಾಗೆ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಸುಮಾರು 80 ಒಪೆರಾ ಮನೆಗಳು ಅಲ್ಲಿವೆ, ಸಣ್ಣ ಸಣ್ಣ ಊರುಗಳಲ್ಲೂ. ಪ್ರತಿ ಮನೆಗೂ ತಿಂಗಳ ಸಂಬಳದ ಗಾಯಕರ ತಂಡ ಇರುತ್ತದೆ. ಹೊಸಬ ಸೇರಿದರೆ ಮೊದಲು ಕಾಗದ ತಂದುಕೊಡುವ ಸೇವಕ, ನಾಲ್ಕು ಸಾಲಿನ ಸೈನಿಕ, ಇಂಥವೇ ಪಾತ್ರಗಳು. ನಮ್ಮ ಕಂಪನಿ ನಾಟಕಗಳಲ್ಲಿ ಹುಡುಗರು ಬಾಲಪಾತ್ರದಿಂದ ಶುರು ಮಾಡಿ, ಸೈಡ್‌ವಿಂಗ್‌ನಲ್ಲಿ ನಿಂತು ದೊಡ್ಡವರದ್ದೆಲ್ಲ ಬಾಯಿಪಾಠ ಮಾಡಿ, ಒಂದು ದಿನ ರಾಜಪಾರ್ಟಿಗೆ ಏರುತ್ತಿದ್ದರಲ್ವಾ, ಅದೇ ದಾರಿ. ವುಂಡರ್ಲಿಶ್‌ಗೆ ಆ ದಿನ ಬೇಗ ಬಂತು. ಮನೆಯ ಮುಖ್ಯ ಟೆನರ್ ಯೋಸೆಫ್ ಟ್ರಾಕ್ಸೆಲ್ ಒಂದು ಸಂಜೆ ಹಾಡಲಿಲ್ಲ. ಅವರ ಜಾಗದಲ್ಲಿ ಈ ಹುಡುಗ ಮೊಜಾರ್ಟ್‌ನ 'ಮಾಯಾ ಕೊಳಲು' ಒಪೆರಾದ ಟಮೀನೊ ಆಗಿ ನಿಂತ. ಅವತ್ತಿನಿಂದ ಸೇವಕನ ಪಾತ್ರಗಳು ಮುಗಿದವು.

ಮರುವರ್ಷ ಅದೇ ಊರಿನ ಹಾರ್ಪ್ ವಾದಕಿ ಎವಾ ಅವರನ್ನು ಮದುವೆಯಾದರು. 1959ರಲ್ಲಿ ಜಾಲ್ಟ್ಸ್‌ಬುರ್ಗ್ ಉತ್ಸವ, 1960ರಿಂದ ಮ್ಯೂನಿಕ್, ಆಮೇಲೆ ವಿಯೆನ್ನಾ.

ಇಲ್ಲಿ ಒಂದು ವಿಷಯ ಸ್ವಲ್ಪ ನಿಂತು ಹೇಳಬೇಕು, ಟೆನರ್ ಬದುಕಿನಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ ಅಂತ ನನ್ನ ಲೆಕ್ಕ. ಟೆನರ್ ಅಂದರೆ ಒಂದೇ ಬಗೆ ಅಲ್ಲ. ಜರ್ಮನ್ನರು ಇದನ್ನು 'ಫಾಖ್' ಅನ್ನುತ್ತಾರೆ, ಅಂದರೆ ಗೂಡು, ಖಾನೆ. ಹಗುರ ದನಿಯ ತಮಾಷೆ ಪಾತ್ರಗಳು ಒಂದು ಖಾನೆ. ಮೊಜಾರ್ಟ್‌ನ ರಾಜಕುಮಾರರು, ಪ್ರೇಮಿಗಳು, ಅಂದರೆ ಟಮೀನೊ, ಬೆಲ್ಮಾಂಟೆ, ಡಾನ್ ಒಟ್ಟಾವಿಯೊ, ಇನ್ನೊಂದು. ವೆರ್ದಿಯ ಆಲ್ಫ್ರೇಡೊ, ಪುಚ್ಚೀನಿಯ ರೊಡಾಲ್ಫೊ ಅದರ ಪಕ್ಕದ್ದು. ಡಾನ್ ಹೋಸೆ, ಲೋಹೆನ್‌ಗ್ರಿನ್ ಇನ್ನೂ ಭಾರ. ಕೊನೆಗೆ ಒಥೆಲ್ಲೊ, ಟ್ರಿಸ್ಟಾನ್, ಸೀಗ್‌ಫ್ರೀಡ್. ಈ ಕೊನೆಯವು ಬೆಟ್ಟ ಹೊರುವ ಕೆಲಸ, ನಾಲ್ಕೈದು ಗಂಟೆ, ದೊಡ್ಡ ಆರ್ಕೆಸ್ಟ್ರಾದ ಎದುರು. ಇಪ್ಪತ್ತೈದರ ಹುಡುಗನ ಗಂಟಲು ಇದಕ್ಕೆ ತಯಾರಿರುವುದಿಲ್ಲ. ವಯಸ್ಸಾದ ಹಾಗೆ ದನಿ ದಪ್ಪವಾಗುತ್ತದೆ, ಒಂದು ಖಾನೆಯಿಂದ ಮುಂದಿನದಕ್ಕೆ ಮೆಲ್ಲಗೆ ಜರುಗಬಹುದು. ಆತುರಪಟ್ಟರೆ ಕೆಟ್ಟಿತು. ಹಸಿ ಮರದಲ್ಲಿ ತೊಲೆ ಮಾಡಿದ ಹಾಗೆ.

1865ರ ಜೂನ್ 10ರಂದು ಮ್ಯೂನಿಕ್‌ನಲ್ಲಿ ವಾಗ್ನರ್‌ನ ಟ್ರಿಸ್ಟಾನ್ ಮೊದಲ ಸಲ ರಂಗಕ್ಕೆ ಬಂತು. ಟ್ರಿಸ್ಟಾನ್ ಆಗಿ ಹಾಡಿದ ಲುಡ್ವಿಗ್ ಶ್ನೋರ್ ಆರು ವಾರದಲ್ಲಿ ತೀರಿಕೊಂಡರು, ಆಗ ವಯಸ್ಸು 29. ಕಾಯಿಲೆಯಿಂದ ಸತ್ತರು, ಪಾತ್ರದಿಂದ ಅಲ್ಲ. ಆದರೂ ಟೆನರ್‌ಗಳು ಆ ಹೆಸರನ್ನು ಮರೆತಿಲ್ಲ. ಸಾವಿನ ಮಾತು ಬಿಡಿ, ದನಿ ಕಳೆದುಕೊಂಡವರ ಕಥೆ ಬೇಕಾದಷ್ಟಿದೆ. ಜುಸೆಪ್ಪೆ ದಿ ಸ್ಟೆಫಾನೊ ಅವರದು ಜೇನಿನಂಥ ಕಂಠ. ಭಾರದ ಪಾತ್ರಗಳನ್ನು ಬೇಗ ಹಿಡಿದರು. ನಲವತ್ತರ ಹೊತ್ತಿಗೆ ಆ ಜೇನು ಹೋಗಿತ್ತು. ಅವರಿಗಿಂತ ಆರು ವರ್ಷ ಚಿಕ್ಕವರು ಸ್ಪೇನಿನ ಆಲ್ಫ್ರೇಡೊ ಕ್ರಾಸ್, ತಮ್ಮ ಹಗುರ ಖಾನೆ ಬಿಟ್ಟು ಕದಲಲೇ ಇಲ್ಲ. ದೊಡ್ಡ ದುಡ್ಡು, ದೊಡ್ಡ ಪಾತ್ರ ಬಂದರೂ ಬೇಡ ಅಂದರು. ಅರವತ್ತು ದಾಟಿದ ಮೇಲೂ ವೇದಿಕೆಯಲ್ಲಿ ಇಪ್ಪತ್ತರ ಪ್ರೇಮಿಯಾಗಿ ಹಾಡಿದರು. ನನಗೆ ಕ್ರಾಸ್ ಬಗ್ಗೆ ತುಂಬಾ ಗೌರವ. ಒಪೆರಾ ಮನೆಯ ಮುಖ್ಯಸ್ಥರೇ ಕರೆದು ಕೊಡುತ್ತೇವೆ ಅಂದಾಗ 'ಈಗಲೇ ಬೇಡ' ಅನ್ನುವುದು ಸುಮ್ನೆ ಅಲ್ಲ. ಆ ಅವಕಾಶ ಇನ್ನೊಬ್ಬರಿಗೆ ಹೋಗುತ್ತದೆ, ತಾನು ಮನೆಯಲ್ಲಿ ಕೂತು ನೋಡಬೇಕು.

ವುಂಡರ್ಲಿಶ್ ಹಾಡಿದ್ದೂ ಬಹುಪಾಲು ಮೊಜಾರ್ಟ್ ಮತ್ತು ಅದರ ಆಸುಪಾಸು. ಆಗ ಜರ್ಮನ್ ಒಪೆರಾ ಮನೆಗಳಲ್ಲಿ ಇಟಾಲಿಯನ್ ಒಪೆರಾಗಳನ್ನೂ ಜರ್ಮನ್ ಭಾಷೆಯಲ್ಲೇ ಹಾಡುತ್ತಿದ್ದರು, ಕೇಳುವವರಿಗೆ ಅರ್ಥವಾಗಲಿ ಅಂತ. ಹೀಗಾಗಿ ಅವರ ವೆರ್ದಿ, ಪುಚ್ಚೀನಿ ಹಾಡುಗಳ ಎಷ್ಟೋ ರೆಕಾರ್ಡಿಂಗ್ ಜರ್ಮನ್‌ನಲ್ಲಿವೆ. ಮೊದಲು ಕೇಳಿದಾಗ ವಿಚಿತ್ರ ಅನ್ನಿಸುತ್ತದೆ. ಆಮೇಲೆ ಮರೆತೇ ಹೋಗುತ್ತದೆ.

ಒರಟೋರಿಯೊ ಬೇರೆಯೇ ಲೋಕ. ಅಲ್ಲಿ ವೇಷ ಇಲ್ಲ, ಪರದೆ ಇಲ್ಲ, ಕತ್ತಿವರಸೆ ಇಲ್ಲ. ಕರಿ ಕೋಟು ಹಾಕಿಕೊಂಡು, ಕೈಯಲ್ಲಿ ಪುಸ್ತಕ ಹಿಡಿದು, ಗಾಯನವೃಂದದ ಮುಂದೆ ನಿಂತು ಹಾಡಬೇಕು. ಕಥೆ ಸಾಮಾನ್ಯವಾಗಿ ಬೈಬಲ್‌ನದು. 16ನೇ ಶತಮಾನದ ರೋಮ್‌ನಲ್ಲಿ ಫಿಲಿಪ್ಪೊ ನೇರಿ ಎಂಬ ಪಾದ್ರಿ ಜನರನ್ನು ಸೇರಿಸಿ ಹಾಡು, ಪ್ರಾರ್ಥನೆ ನಡೆಸುತ್ತಿದ್ದ ಕೋಣೆಗೆ 'ಒರಟೋರಿಯೊ' ಅನ್ನುತ್ತಿದ್ದರು, ಪ್ರಾರ್ಥನೆಯ ಜಾಗ ಅಂತ. ಜಾಗದ ಹೆಸರೇ ಸಂಗೀತಕ್ಕೆ ಬಂತು. ಲಂಡನ್‌ನಲ್ಲಿ ಬೈಬಲ್ ಕಥೆಯನ್ನು ನಾಟಕದ ಹಾಗೆ ಅಭಿನಯಿಸಲು ಚರ್ಚಿನ ಹಿರಿಯರು ಒಪ್ಪದಿದ್ದಾಗ, ಒಪೆರಾ ಬರೆಯುತ್ತಿದ್ದ ಹ್ಯಾಂಡೆಲ್ ಅಭಿನಯ ಬಿಟ್ಟು ಬರೀ ಹಾಡಿನಲ್ಲಿ ಕಥೆ ಹೇಳುವ ಒರಟೋರಿಯೊಗಳನ್ನು ಬರೆದರು. 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲ ಸಲ ಹಾಡಿದ ಅವರ 'ಮೆಸೈಯ'ದಲ್ಲಿ, ವಾದ್ಯಗಳ ಪೀಠಿಕೆ ಮುಗಿದ ಮೇಲೆ ಕೇಳಿಬರುವ ಮೊದಲ ಮನುಷ್ಯ ದನಿ ಟೆನರ್‌ನದು. ಸಮಾಧಾನ ಮಾಡಿಕೊಳ್ಳಿ ಅಂತ ಜನರಿಗೆ ಹೇಳುವ ದನಿ.

ಆದರೆ ಟೆನರ್‌ಗೆ ನಿಜವಾದ ಪರೀಕ್ಷೆ ಬಾಖ್. ಅವರ 'ಮತ್ತಾಯನ ಪ್ಯಾಶನ್' 1727ರಲ್ಲಿ ಲೈಪ್ಜಿಗ್‌ನ ಚರ್ಚಿನಲ್ಲಿ ಹಾಡಿದ್ದು, ಯೇಸುವಿನ ಕೊನೆಯ ದಿನಗಳ ಕಥೆ, ಹತ್ತಿರ ಹತ್ತಿರ ಮೂರು ಗಂಟೆ. ಅದರಲ್ಲಿ ಸುವಾರ್ತಿಕ ಎಂಬ ಪಾತ್ರ ಟೆನರ್‌ನದು. ಯಕ್ಷಗಾನ ನೋಡಿದವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಆತ ಭಾಗವತ. ಕಥೆ ನಡೆಸುವವನು ಆತನೇ. ಯೇಸು, ಪೇತ್ರ, ಪಿಲಾತ ಎಲ್ಲರೂ ಬಂದು ತಮ್ಮ ಮಾತು ಹೇಳಿ ಹೋಗುತ್ತಾರೆ, ಸುವಾರ್ತಿಕ ಮಾತ್ರ ಮೊದಲಿಂದ ಕೊನೆಯವರೆಗೆ ಇರುತ್ತಾನೆ. ಜೊತೆಗೆ ಒಂದು ಆರ್ಗನ್, ಒಂದು ಚೆಲ್ಲೊ, ಅಷ್ಟೇ. ತಾಳದ ಹಂಗಿಲ್ಲ, ಮಾತಿನ ಲಯವೇ ಲಯ. ಸ್ವರಗಳು ಮಾತ್ರ ತುಂಬಾ ಮೇಲೆ ಇವೆ, ಅಲ್ಲೇ ನಿಂತು ಸಹಜವಾಗಿ ಮಾತಾಡಿದ ಹಾಗೆ ಹಾಡಬೇಕು. ಕೋಳಿ ಕೂಗುವ ಮುಂಚೆ ಮೂರು ಸಲ 'ಆತ ನನಗೆ ಗೊತ್ತಿಲ್ಲ' ಅಂತ ಸುಳ್ಳು ಹೇಳಿದ ಪೇತ್ರ ಹೊರಗೆ ಹೋಗಿ ಅಳುತ್ತಾನೆ. ಅಳುವುದನ್ನು ಹಾಡುವುದು ಪೇತ್ರ ಅಲ್ಲ, ಸುವಾರ್ತಿಕ. 'ಬಿಕ್ಕಿ ಬಿಕ್ಕಿ ಅತ್ತನು' ಎಂಬ ಒಂದೇ ಮಾತಿನ ಮೇಲೆ ಬಾಖ್ ಅವರು ಸ್ವರಗಳನ್ನು ಎಳೆದೆಳೆದು ಬಿಡುತ್ತಾರೆ, ವರದಿ ಓದುತ್ತಿದ್ದವನ ಗಂಟಲೇ ಕಟ್ಟಿದ ಹಾಗೆ. ಇಲ್ಲಿ ಟೆನರ್ ತನ್ನ ದನಿ ತೋರಿಸಲು ಹೊರಟರೆ ಆ ಗಳಿಗೆ ಸತ್ತುಹೋಗುತ್ತದೆ.

ವುಂಡರ್ಲಿಶ್ 1965ರಲ್ಲಿ ಕಾರ್ಲ್ ರಿಕ್ಟರ್ ಜೊತೆ ಮ್ಯೂನಿಕ್‌ನಲ್ಲಿ ಬಾಖ್‌ನ 'ಕ್ರಿಸ್‌ಮಸ್ ಒರಟೋರಿಯೊ' ರೆಕಾರ್ಡ್ ಮಾಡಿದರು. ಅದರಲ್ಲಿ ಸುವಾರ್ತಿಕನೂ ಅವರೇ, ಟೆನರ್ ಹಾಡುಗಳೂ ಅವರವೇ. ಕುರುಬರನ್ನು 'ಬೇಗ ಬೇಗ ಹೋಗಿ ಮಗುವನ್ನು ನೋಡಿ' ಅಂತ ಅವಸರಪಡಿಸುವ ಒಂದು ಹಾಡಿದೆ. ಒಂದೇ ಉಸಿರಿನಲ್ಲಿ ಸ್ವರಗಳ ಸರಮಾಲೆ, ನಮ್ಮ ಬಿರ್ಕಾಗಳ ಹಾಗೆ ಉರುಳುತ್ತಾ ಹೋಗುತ್ತದೆ. ಒಪೆರಾ ಟೆನರ್‌ಗಳಲ್ಲಿ ಹಲವರು ಇಲ್ಲಿ ಎಡವುತ್ತಾರೆ. ಭಾರದ ಪಾತ್ರಗಳಿಗೆ ಒಗ್ಗಿದ ಗಂಟಲು ಇಷ್ಟು ಚುರುಕಾಗಿ ತಿರುಗುವುದಿಲ್ಲ. ಇದಕ್ಕೇ ಒರಟೋರಿಯೊ ದನಿಗೆ ಒಳ್ಳೆಯ ಕಸರತ್ತು ಅಂತ ನನಗೆ ಅನ್ನಿಸುವುದು: ಬಾಖ್ ಹಾಡಲು ಬರುತ್ತಿರುವವರೆಗೆ ಗಂಟಲು ಆರೋಗ್ಯವಾಗಿದೆ ಅಂತ ಅರ್ಥ.

ಹೊಟ್ಟೆಪಾಡಿನ ದೃಷ್ಟಿಯಿಂದಲೂ ಎರಡಕ್ಕೂ ವ್ಯತ್ಯಾಸ ಇದೆ. ಹೊರಗಿನಿಂದ ಬರುವ ಅತಿಥಿ ಗಾಯಕ ಒಪೆರಾಕ್ಕಾಗಿ ವಾರಗಟ್ಟಲೆ ತಾಲೀಮಿಗೆ ಬೇರೆ ಊರಲ್ಲಿ ಇರಬೇಕು, ದುಡ್ಡು ಮಾತ್ರ ಸಾಮಾನ್ಯವಾಗಿ ಪ್ರದರ್ಶನದ ಲೆಕ್ಕದಲ್ಲಿ. ಪ್ರದರ್ಶನದ ದಿನ ನೆಗಡಿಯಾದರೆ ದುಡ್ಡೂ ಇಲ್ಲ. ಒರಟೋರಿಯೊಗೆ ಒಂದೆರಡು ತಾಲೀಮು, ಒಂದು ಕಛೇರಿ, ಮುಂದಿನ ರೈಲು. ಸಂಭಾವನೆ ಕಡಿಮೆ, ಆದರೆ ಸುಗ್ಗಿ ಇದೆ: ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಪ್ಯಾಶನ್‌ಗಳು, ಡಿಸೆಂಬರ್‌ನಲ್ಲಿ ಮೆಸೈಯ, ಕ್ರಿಸ್‌ಮಸ್ ಒರಟೋರಿಯೊ. ಒಳ್ಳೆಯ ಸುವಾರ್ತಿಕ ಅಂತ ಹೆಸರು ಬಂದರೆ ಆ ವಾರಗಳಲ್ಲಿ ಬಿಡುವೇ ಇರುವುದಿಲ್ಲ.

ಹಾಗೆ ಹೆಸರಾದವರಲ್ಲಿ ಇಂಗ್ಲೆಂಡಿನ ಪೀಟರ್ ಪಿಯರ್ಸ್ ಒಬ್ಬರು. ವುಂಡರ್ಲಿಶ್‌ಗೆ ಪೂರ್ತಿ ವಿರುದ್ಧ. ದನಿ ಚೆಂದ ಅಂತ ಯಾರೂ ಹೇಳುವುದಿಲ್ಲ, ಒಣಕಲು, ಸ್ವಲ್ಪ ಮೂಗಿನದು. ಆದರೆ ಒಂದೊಂದು ಮಾತೂ ಮನಸ್ಸಿಗೆ ನಾಟುತ್ತದೆ. ಅವರ ಸಂಗಾತಿ, ಸಂಗೀತ ರಚನೆಕಾರ ಬೆಂಜಮಿನ್ ಬ್ರಿಟನ್ ಆ ದನಿಗಾಗಿಯೇ ಬರೆದರು, 1945ರ 'ಪೀಟರ್ ಗ್ರೈಮ್ಸ್' ಒಪೆರಾ, 1962ರ 'ಯುದ್ಧ ರಿಕ್ವಿಯಂ' (ಸತ್ತವರಿಗಾಗಿ ಹಾಡುವ ಪ್ರಾರ್ಥನೆ) ಇಂಥವನ್ನು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಪಿಯರ್ಸ್ ಮೊದಲ ಸಲ ಹಾಡಿದ್ದು 1974ರಲ್ಲಿ, 64ನೇ ವಯಸ್ಸಿನಲ್ಲಿ. ಈ ಇಬ್ಬರೂ ಒಂದೇ ರೆಕಾರ್ಡಿಂಗ್‌ನಲ್ಲಿ ಸಿಗುತ್ತಾರೆ: ಮ್ಯೂನ್ಶಿಂಗರ್ ಎಂಬ ನಿರ್ದೇಶಕರು 1964ರಲ್ಲಿ ಮಾಡಿದ ಮತ್ತಾಯನ ಪ್ಯಾಶನ್‌ನಲ್ಲಿ ಸುವಾರ್ತಿಕ ಪಿಯರ್ಸ್, ಟೆನರ್ ಹಾಡುಗಳು ವುಂಡರ್ಲಿಶ್ ಅವರವು. ಟೆನರ್ ಅನ್ನುವ ಒಂದೇ ಪದದೊಳಗೆ ಎಷ್ಟು ದೂರ ಇದೆ ಅಂತ ತಿಳಿಯಬೇಕಾದರೆ ಅದನ್ನು ಕೇಳಬೇಕು.

ನಮ್ಮ ಮೈಸೂರಿಗೂ ಇಲ್ಲೊಂದು ಎಳೆ ಇದೆ. ವುಂಡರ್ಲಿಶ್ ಹಾಡಿದ್ದರಲ್ಲಿ ತುಂಬಾ ಭಾರವಾದದ್ದು ಮಾಹ್ಲರ್‌ನ 'ಭೂಮಿಯ ಹಾಡು'. ಮೊದಲ ಹಾಡೇ ಇಡೀ ಆರ್ಕೆಸ್ಟ್ರಾದ ಅಬ್ಬರದ ಮೇಲೆ ಟೆನರ್ ಕಿರುಚದೆ ಹಾಡಬೇಕಾದದ್ದು. ಲಂಡನ್‌ನಲ್ಲಿ ಕ್ಲೆಂಪರರ್ ನಡೆಸಿದ ಆ ರೆಕಾರ್ಡಿಂಗ್ 1964ರಿಂದ 1966ರವರೆಗೆ ಬಿಟ್ಟುಬಿಟ್ಟು ನಡೆಯಿತು, ನುಡಿಸಿದ್ದು ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ. ಆ ಆರ್ಕೆಸ್ಟ್ರಾ ಎಳೆಯದಾಗಿದ್ದಾಗ ಕೈಹಿಡಿದವರಲ್ಲಿ ಜಯಚಾಮರಾಜ ಒಡೆಯರ್ ಒಬ್ಬರು. 1948ರಲ್ಲಿ ಅದರ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರೇ. 1950ರಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಲಂಡನ್‌ನಲ್ಲಿ ಮೊದಲ ಸಲ ಕೇಳಿಬಂದದ್ದೂ ಒಡೆಯರ್ ಅವರ ಹಣದ ಬೆಂಬಲದಿಂದ.

ಮೂವತ್ತು ದಾಟಿದ ಮೇಲೆ ವುಂಡರ್ಲಿಶ್‌ಗೆ ಒಂದು ಹಸಿವು ಹತ್ತಿತು. ಒಪೆರಾದ ಗದ್ದಲ ಬಿಟ್ಟು, ಒಂದು ಪಿಯಾನೊ, ಒಂದು ಕವಿತೆ ಇಷ್ಟರಲ್ಲೇ ಹಾಡುವ 'ಲೀಡ್' ಕಲಿಯಬೇಕು ಅಂತ. ಅಷ್ಟೊತ್ತಿಗೆ ದೊಡ್ಡ ಹೆಸರು ಬಂದಿತ್ತು. ಆದರೂ ಹ್ಯೂಬರ್ಟ್ ಗೀಸನ್ ಎಂಬ ಹಿರಿಯ ಪಿಯಾನೊ ವಾದಕರ ಹತ್ತಿರ ಹೋಗಿ ಶಿಷ್ಯನ ಹಾಗೆ ಕೂತರು. ಶೂಮನ್‌ನ 'ಕವಿಯ ಪ್ರೀತಿ' ಹಾಡುಗಳನ್ನು ಒಂದೊಂದು ಮಾತು ಬಿಡಿಸಿ ಬಿಡಿಸಿ ಅಭ್ಯಾಸ ಮಾಡಿದರು. 1966ರ ಸೆಪ್ಟೆಂಬರ್ 4ರಂದು ಎಡಿನ್‌ಬರೋದಲ್ಲಿ ಗೀಸನ್ ಜೊತೆ ಅವನ್ನು ಹಾಡಿದರು. ಅದರ ರೆಕಾರ್ಡಿಂಗ್ ಉಳಿದಿದೆ. ಸ್ಟುಡಿಯೋದಲ್ಲಿ ಹಾಡಿದ್ದಕ್ಕೆ ಹೋಲಿಸಿದರೆ ಇಲ್ಲಿ ದನಿ ಕಡಿಮೆ, ಮಾತು ಜಾಸ್ತಿ. ಕಲಿತದ್ದು ಆಗ ತಾನೇ ಒಳಗೆ ಇಳಿಯುತ್ತಿತ್ತು.

ಮುಂದಿನ ತಿಂಗಳು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್‌ನಲ್ಲಿ ಡಾನ್ ಒಟ್ಟಾವಿಯೊ ಆಗಿ ಮೊದಲ ಸಲ ಹಾಡಬೇಕಿತ್ತು. ಅದಕ್ಕೆ ಮುಂಚೆ ಸ್ವಲ್ಪ ವಿಶ್ರಾಂತಿಗೆ ಗೆಳೆಯರೊಬ್ಬರ ಹಳ್ಳಿಮನೆಗೆ ಹೋದರು. ಅಲ್ಲಿ ಮೆಟ್ಟಿಲ ಮೇಲಿಂದ ಬಿದ್ದು ತಲೆಗೆ ಪೆಟ್ಟಾಯಿತು. ಸೆಪ್ಟೆಂಬರ್ 17ರಂದು ಹೈಡಲ್‌ಬರ್ಗ್ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಹೆಂಡತಿ, ಮೂರು ಪುಟ್ಟ ಮಕ್ಕಳು ಉಳಿದರು.

ಕೇಳಬೇಕು ಅನ್ನಿಸಿದರೆ ಮೊದಲಲ್ಲಿ ಹೇಳಿದ ಆ 'ಸೃಷ್ಟಿ'ಯಿಂದಲೇ ಶುರು ಮಾಡಿ. ಯೂರಿಯಲ್ ದೇವದೂತ ಮನುಷ್ಯ ಹುಟ್ಟಿದ್ದನ್ನು ಕಂಡು ಖುಷಿಪಟ್ಟು ಹಾಡುವ ಹಾಡು ಅದರಲ್ಲಿದೆ. ಘನತೆಯಿಂದ, ತಲೆ ಎತ್ತಿ ಆಕಾಶ ನೋಡುತ್ತಾ ನಿಂತಿದ್ದಾನೆ ಮನುಷ್ಯ ಅಂತ. ಹೆಡ್‌ಫೋನ್ ಹಾಕಿಕೊಳ್ಳಿ, ದೀಪ ಆರಿಸಿ. ಯೂರಿಯಲ್‌ನ ಕಥನದ ಸಾಲುಗಳು ಬಂದಾಗ ದನಿ ಬದಲಾಗುವುದು ನಿಮಗೇ ಗೊತ್ತಾಗುತ್ತದೆ.